ಮೊದಲ ನೀರು

ಖಣಕ್ಕ ಕತ್ತರಿ ಹಾಕೂಕಿಂತ ಮೊದಲ
ಒಂದು ತುದಿ ನೀರಾಗ ಅದ್ದಿ ನೋಡತೀನಿ ನಾನು.
ಮೂವತ್ತೊಂದು ವರ್ಷದ ಚಟ.
ಗುಳೇದಗುಡ್ಡದ್ದ ಆದರೇನು,
ನನ್ನ ಗಂಡನ ಮಗ್ಗದಿಂದ ಇಳಿದದ್ದ ಆದರೇನು,
ನೀರು ಕುಡಿದ ಮ್ಯಾಲನ ಅರಿವಿ ಖರೇ ಮಾತಾಡೂದು.
ಕೆಲವು ಬೆರಳಗಲ ಕುಗ್ಗತಾವ,
ಕೆಲವು ಬಣ್ಣ ಬಿಡತಾವ,
ಕೆಲವು ಏನೂ ಆಗಿಲ್ಲ ಅನ್ನೂಹಂಗ ಒಣಗಿ
ತೊಟ್ಟ ಎರಡನೇ ದಿನ ಬಗಲಾಗ ಬಿರೀತಾವ.

ಅದಕ್ಕ, ಬಾಗಲಕೋಟಿ ನವನಗರದ ದವಾಖಾನ್ಯಾಗ
ಡಾಕ್ಟರ್ ಬಾಯಿ
"ಮೊದಲ ಔಷಧ, ಆಮ್ಯಾಲ ಆಪರೇಶನ್" ಅಂದಾಗ
ಬಾಜೂಕ ಕುಂತ ನಾದಿನಿ ಅತ್ತಳು,
ನನಗ ತಿಳೀತು.

ಎಡಗಡೆ. ನಾಲ್ಕು ಪಾಯಿಂಟ್ ಎರಡು ಸೆಂಟಿಮೀಟರು.
ನನ್ನ ಟೇಪಿನ್ಯಾಗ ಒಂದೂವರಿ ಇಂಚು, ಮ್ಯಾಲೊಂದು ನೂಲು.
ಸೂಜಿ ಹಾಕಿ ತೆಗೆದ ತುಣುಕು ಹುಬ್ಬಳ್ಳಿಗೆ ಹೋಗಿ ಬಂತು.
ಮೂರು ಹೆಸರು ಹುಡುಕಿದರಂತ, ಮೂರೂ ಇಲ್ಲಂತ.
"ಜಲ್ದಿ ಬೆಳೆಯೂ ಜಾತಿ ಇದು" ಅಂದಳು, ಮುಖ ಸಣ್ಣ ಮಾಡಿ.
ಹಿಂದಿಂದನ,
"ಜಲ್ದಿ ಬೆಳೆಯೂದಕ್ಕ ಔಷಧನೂ ಜಲ್ದಿ ತಾಕತೈತಿ" ಅಂದಳು.
ಇಷ್ಟು ದೂರದ ಎರಡು ಅಂಚು
ನಾ ಎಂದೂ ಕೂಡಿಸಿ ಹೊಲಿದಿಲ್ಲ.

ಕಂಪ್ಯೂಟರಿನ್ಯಾಗ ನನ್ನ ವಯಸ್ಸು ಹಾಕಿದಳು, ಅಳತಿ ಹಾಕಿದಳು,
ಬಗಲಿನ ಗಂಟು ಎಷ್ಟಂತ ಹಾಕಿದಳು.
ನನ್ನಂಥಾಕಿಯರು ನೂರು ಮಂದಿ ಇದ್ದರ
ನಲವತ್ತೊಂದು ಮಂದಿಗೆ ಪೂರಾ ಕರಗತೈತಿ ಅಂತ ಬಂತು.
ನೂರು ಮಂದಿ!
ನಾ ಬಂದದ್ದು ಒಬ್ಬಾಕಿ, ನಾದಿನಿ ಕೂಡಿದರ ಇಬ್ಬರು.
"ನಾ ಯಾವ ಸಾಲಿನ್ಯಾಗ ನಿಂತೀನಿ ಬಾಯಿ?"
ಪೆನ್ನಿನ ಟೊಪ್ಪಿಗಿ ತೆಗೆದು ಹಾಕಿದಳು, ತೆಗೆದು ಹಾಕಿದಳು.
"ಸಾಲು ಕಾಣತಾವ ಸಾವಂತ್ರೆವ್ವಾ,
ಮುಖ ಕಾಣೂದಿಲ್ಲ."

ಆಮ್ಯಾಲ ಗಂಟಿನೊಳಗ ಒಂದು ಗುರುತು ಇಟ್ಟರು.
ಎಳ್ಳಿಗಿಂತ ಸಣ್ಣದು, ಲೋಹದ್ದು.
ಎಲ್ಲಾ ಕರಗಿ ಹೋದರ
ಎಲ್ಲಿ ಕೊಯ್ಯಬೇಕಂತ ಗೊತ್ತಾಗಲಿ ಅಂತ.
"ಖಡುವಿನ ಗೀಟು" ಅಂದೆ. ಆಕಿ ನಕ್ಕಳು.
ಕರಗತೈತಿ ಅನ್ನೂ ಆಸೆ ಇಲ್ಲದಾಕಿ
ಗುರುತು ಯಾಕ ಇಡತಾಳ?
ನೂರರ ಲೆಕ್ಕ ಅಲ್ಲೇ ಬಿಟ್ಟು
ಆ ಎಳ್ಳನ್ನ ಊರಿಗೆ ತಂದೆ.

ಕೆಂಪು ನೀರು ಏರಿಸಿದರು.
ಮೊದಲ ಸುತ್ತಿಗೆ ಕೂದಲ ಹೋತು, ಗಂಟು ಹೋಗಲಿಲ್ಲ.
ಎರಡನೇದಕ್ಕ ನಾಲಿಗಿ ತುಂಬ ಹುಣ್ಣು,
ರೊಟ್ಟಿ ಬಿಟ್ಟು ಗಂಜಿ, ಗಂಜಿಗೂ ಉರಿ.
ಮಗ್ಗದ ಸಪ್ಪಳ ತಲ್ಯಾಗ ಬಡೀತೈತಿ ಅಂತ
ಗಂಡ ಮಧ್ಯಾಹ್ನ ಲಾಳಿ ನಿಲ್ಲಿಸಿ ಕುಂದರತಿದ್ದ,
ಅದು ಇನ್ನೂ ಜಾಸ್ತಿ ಬಡೀತಿತ್ತು.
ಮೂರನೇದು ಮುಗಿದ ಮ್ಯಾಲ ಒಂದು ರಾತ್ರಿ
ಮಶೀನಿನ ಮುಂದ ಕುಂತಾಗ
ಕೈ ತಾನ ಹೋಗಿ ಅಳತಿ ತಗೊಂತು.
ಟೇಪು ಬೇಕಾಗಲಿಲ್ಲ.
ಒಂದು ಇಂಚು.
ಇಂಚಿಗೆ ಒಂದು ನೂಲು ಕಡಿಮಿನೂ ಇರಬಹುದು.
ಯಾರಿಗೂ ಹೇಳಲಿಲ್ಲ.
ಹಸಿ ಅರಿವಿ ಅಳೀಬಾರದು.

ನಾಡಿದ್ದು ಸ್ಕ್ಯಾನ್ ಐತಿ.
ಬಾಗಲದಾಗ ಚಂಪವ್ವ ನಿಂತಾಳ,
ಮಗಳ ಕುಬಸಕ್ಕಂತ ಖಣ ಕೊಟ್ಟು ಇಪ್ಪತ್ತು ದಿನ ಆತು.
"ಖರೇ ಹೇಳು, ಎಂದು ಕೊಡತೀ?"
"ಸೋಮವಾರ ಬಾ."
ಇಬ್ಬರಿಗೂ ಗೊತ್ತು,
ನಾ ಹೇಳಿದ ಸೋಮವಾರ ಯಾವ ವಾರಕ್ಕೂ ಬಂದಿಲ್ಲ.
ಆದರೂ ಆಕಿ ಹೂಂ ಅಂದು ಹೋದಳು.

ಲೈಟ್ ಹಚ್ಚಿದೆ.
ಬಸುರಿ ಮೈ, ಇನ್ನೆಷ್ಟು ತುಂಬತೈತೋ.
ಎರಡೂ ಬಗಲಿಗೆ ಒಂದೊಂದು ಇಂಚು ಒಳಗ ಬಿಟ್ಟು
ಕತ್ತರಿ ಹಾಕಿದೆ.