ಬೀಗ ಹೋಗಿ ಕೈ ಉಳಿದದ್ದು

ಚಪ್ಪಲಿ ಬಿಡಬೇಕಿಲ್ಲ, ಬನ್ನಿ.
ಇಲ್ಲಿಂದ ದೇವರು ಎದ್ದುಹೋಗಿ ಬಹಳ ಕಾಲವಾಯಿತು.

ಹೊರಗೆ ಕೂತ ನಾಲ್ವರೂ ಒಬ್ಬನೇ, ಅದೇ ರಾಜ.
ಒಂದು ಸಲ ಕಡೆದರೆ ಸಾಲದೆಂಬ ಅನುಮಾನವೇನೋ.
ಎರಡನೆಯವನ ತಲೆ ಅವನದೇ ಕಾಲಬುಡದಲ್ಲಿದೆ:
ಮೂರು ಸಾವಿರ ವರ್ಷದ ಹಿಂದೆ ನೆಲ ನಡುಗಿ ಉರುಳಿದ್ದು.
ಬೆಟ್ಟವನ್ನೇ ಕೊಯ್ದು ಮೇಲೆ ತಂದವರು
ಅದನ್ನೂ ತಂದರು, ಅಳತೆ ಹಿಡಿದು
ಬಿದ್ದಿದ್ದ ಹಾಗೇ ಬೀಳಿಸಿದರು.

ಈ ಮೊಣಕಾಲ ಕೆಳಗೆ ಗೀಚು ನೋಡಿ,
ಕೂಲಿಗೆ ಕಾದಾಡಲು ಬಂದ ಗ್ರೀಕರು
ತಮ್ಮ ಹೆಸರು, ಊರು ಕೆತ್ತಿ ಹೋಗಿದ್ದಾರೆ.
ಊರು ಬರೆಯದೆ ಯಾರೂ ಸುಮ್ಮನೆ ಹೋಗುವುದಿಲ್ಲ.

ನನಗೆ ಏಳು ವರ್ಷ. ನದಿ ಏರುತ್ತದೆಂದರು.
ನೀಲಿ ಬಣ್ಣದ ಡಬ್ಬಿ ಹಿಡಿದು ಒಬ್ಬ ಬಂದ,
ನಮ್ಮ ಗೋಡೆಗೆ ನೂರ ಹದಿನಾಲ್ಕು ಬರೆದ.
ಆಮೇಲೆ ಗುಡಿಗೂ ಅಂಕಿ ಬಿತ್ತು,
ಸಾವಿರ ಚಿಲ್ಲರೆ ತುಂಡು, ಒಂದೊಂದೂ ಆನೆಗಳ ಹಿಂಡಿನ ತೂಕ.
ರಾಜನ ಮುಖ ಕೊಯ್ಯುವಾಗ
ಉಸಿರು ಬಿಗಿಹಿಡಿದರಂತೆ ಗರಗಸದವರು.
ಕಲ್ಲಿನ ಅಂಕಿ ಕಲ್ಲಿನ ಜೊತೆಗೇ ಮೇಲೆ ಬಂತು.
ನಮ್ಮದು ಗೋಡೆಯಲ್ಲೇ ಉಳಿಯಿತು.
ಮಣ್ಣಿನ ಗೋಡೆ; ನೀರಿಗೆ ಎಷ್ಟು ಹೊತ್ತು?

ದೋಣಿ ಬಂದ ಬೆಳಿಗ್ಗೆ ಅಜ್ಜಿ ಡಹೀಬಾ
ಅಂಗಳ ಗುಡಿಸಿದಳು.
ಗೋರಿಗಳಿಗೆ ಹೋಗಿ, ಇನ್ನೊಂದು ವರ್ಷಕ್ಕೆ
ಮುಳುಗಲಿರುವ ಗಂಡನ ತಲೆಯ ಬಳಿ
ಒಂದು ಬೋಗುಣಿ ನೀರು ಚಿಮುಕಿಸಿದಳು.
ಬಂದು ಮರದ ಬೀಗ ಜಡಿದಳು.
ಮುಳುಗುವ ಮನೆಗೆ ಬೀಗ ಯಾಕೆಂದು
ಚಿಕ್ಕಮ್ಮ ಅಳುತ್ತಲೇ ನಕ್ಕಳು.
‘ಮೀನು ನುಗ್ಗೀತು,’ ಎಂದಳು ಅಜ್ಜಿ.

ಕೋಮ್ ಓಂಬೋದ ಹೊಸ ಊರಲ್ಲಿ
ಸಿಮೆಂಟಿನ ಸಾಲು. ನದಿ ಕಾಣದು.
ಮೊದಲ ಬೇಸಿಗೆಗೇ ತಮ್ಮ ಹೋದ.
ಅವನ ಹೆಸರು ಸಮೀಹ್. ಅಷ್ಟೇ ಹೇಳಬಲ್ಲೆ.

ಈಗ ಒಳಗೆ ಬನ್ನಿ, ಕೊನೆಯ ಕೋಣೆಗೆ.
ವರ್ಷಕ್ಕೆ ಎರಡು ಸಲ ಸೂರ್ಯ ಇಲ್ಲಿತನಕ ನಡೆದು ಬರುತ್ತಾನೆ,
ಗುಡಿ ಎತ್ತಿದ ಮೇಲೆ ಒಂದು ದಿನ ತಡವಾಗಿ;
ದಾರಿ ದೂರವಾಯಿತಲ್ಲ.
ಮೂವರ ಮೈಗೆ ಬಿಸಿಲು.
ಈ ಎಡತುದಿಯವನು ಕತ್ತಲ ಕಡೆಯವನು, ಪ್ತಾಹ್.
ಅವನ ಪಾಲಿನ ಕತ್ತಲನ್ನೂ
ಒಂದು ಹನಿ ಚೆಲ್ಲದೆ ಸಾಗಿಸಿದರು ಪುಣ್ಯಾತ್ಮರು.
ನಾನು ನಿಲ್ಲುವುದು ಅವನ ಪಕ್ಕ.

ಇಗೋ, ಗುಡಿಯ ಬೀಗದ ಕೈ,
ಹಿತ್ತಾಳೆಯದು, ಆಯುಸ್ಸಿನ ಗುರುತಿನ ಆಕಾರ.
ಹಿಡಿದುಕೊಳ್ಳಿ, ಫೋಟೊ ತೆಗೆಸಿಕೊಳ್ಳಿ, ಎಲ್ಲರೂ ಕೇಳುತ್ತಾರೆ.
ಇದು ಬೇಡ, ಇದು ಜಾಲಿಮರದ್ದು,
ನಾಲ್ಕು ಹಲ್ಲಿತ್ತು, ಒಂದು ಮುರಿದಿದೆ.
ಬೀಗ ನೀರಿನಡಿ. ಕೈ ನನ್ನ ಜೇಬಿನಲ್ಲಿ.

ಎಲ್ಲಿ ಅಂದಿರಾ?
ಅಲ್ಲಿ, ಬಿಳಿ ಹಾಯಿ ಇದೆಯಲ್ಲ, ಅದರ ಎಡಕ್ಕೆ.
ಅಷ್ಟಲ್ಲ.
ಇನ್ನೂ ಸ್ವಲ್ಪ.