ಇಂದೇ ಕಡೇ ದಿನ

ಫ್ಯಾನು ಬಂದ್ ಮಾಡು ಜಬೀನಾ, ಹಾರ್ತಾವ.
ಫ್ರೇಮಿನ ಅಳತಿ ಆಮ್ಯಾಲ ತಗೊಂಡ್ರಾತು,
ಮೊದಲು ಕುಂತು ನೋಡು:
ಒಂದೇ ಸಿನಿಮಾ, ಐದು ಮುಖ.

ಪೋಸ್ಟರು ದೊಡ್ಡದು, ಮಂಚದಡಿ ಹೋಗ್ಯದ ಒಂದು ತುದಿ.
ಹೈದರಾಬಾದಿನ ಯಾವನೋ ಪ್ರೆಸ್ಸಿನವ
ನೀರುನಾಯಿ ಕಂಡವನಲ್ಲ,
ಮುಂಗುಸಿ ಬಣ್ಣ ಬಳಿದಾನ.
ಕೈಯಾಗ ಕಂದೀಲು, ತೆಲಿ ಮ್ಯಾಲ
ಅರ್ಧ ಆಕಾಶ ನುಂಗಿದ ಹುಲಿ.
ಎಷ್ಟಗಲ ಬಾಯಿ ನೋಡು!
ಸಿನಿಮಾದಾಗ ಅದು ಗರ್ಜಿಸಂಗೇ ಇಲ್ಲ.
ದಂಡಿಯಾಗ ಕುಂತು ಆಕಳಿಸ್ತದ,
ಮಲಗ್ತದ. ಅಷ್ಟೇ ಹುಲಿ.

ಈ ಕ್ಯಾಸೆಟ್ ಡಬ್ಬಿ ಚಾಂದಪಾಷಾನ ಲೈಬ್ರರಿಯದು,
ಅಂಗಡಿ ಮುಚ್ಚೋ ದಿನ ಹತ್ತು ರೂಪಾಯಿಗೆ ಕೊಟ್ಟ.
ಇದರಾಗ ಕಪ್ಪಿ ಅದ,
ದೋಣಿಗೆ ಹುಟ್ಟು ಹಾಕೋ ಮುದಿ ಕಪ್ಪಿ,
ಕತಿ ತುಂಬ ಒಂದು ಮಾತೂ ಆಡದ ನನ್ನ ಕಪ್ಪಿ.
ಆದರ ಕಂದೀಲು ಬರೆಯೋದ ಮರೆತಾರ.
ಮುಖಕ್ಕ ಬೆಳಕು ಬಿದ್ದದ,
ಎಲ್ಲಿಂದಂತ ಕೇಳಬ್ಯಾಡ.

ವಿಸಿಡಿ, ತೀನ್ ಕಂದೀಲಿನ ಗಾಡಿಯಾಗ ಕೊಂಡದ್ದು.
ಝೆರಾಕ್ಸಿನ ಹೊದಿಕಿ, ಎಡಬಲ ತಿರುವಿ ಬಿದ್ದು
ನದಿ ಹಿಂದಕ್ಕ ಹರೀತದ.
ಬೆನ್ನಿಗೆ ಇಬ್ಬರು ಪೊಲೀಸರ ಕತಿ,
ಬ್ಯಾರೇ ಯಾವುದೋ ಸಿನಿಮಾದ್ದು.

ಡಿವಿಡಿಯಾಗ ನೀರುನಾಯಿಗೆ ಹುಬ್ಬು ಬಂದಾವ!
ಒಂದು ಹುಬ್ಬು ಏರಿಸಿ, ಬಾಯಿ ಓರೆ ಮಾಡಿ
ಹೊಸಾ ಅಳಿಯನಂಗ ನಗ್ತದ.
ತಾಯಿನ್ನ ಹುಡುಕಿಕೋತ ಕತ್ತಲದಾಗ ಹೊಂಟ ಮರಿ
ಹಂಗ ನಗ್ತದೇನು?

ಮೊನ್ನೆ ಪಾರ್ಸೆಲ್ಲಿನಾಗ ಬಂದದ್ದು ಇದು.
ಎಲ್ಲಾ ಕಪ್ಪು. ಬುಡದಾಗ ಸಜ್ಜಿ ಕಾಳಿನಷ್ಟು ಬೆಳಕು.
ಜಾಣರು ಮಾಡ್ಯಾರ. ಇದೇ ಚಂದ,
ಅದೂ ಖರೆ.
ಆದರ ಬೆರಳ ಗುರುತು ಬೀಳ್ತದಂತ
ಯಾರ ಕೈಗೂ ಕೊಟ್ಟಿಲ್ಲ.

ನಮ್ಮಪ್ಪ ಹುಸೇನಪ್ಪ ಪೋಸ್ಟರು ಅಂಟಸ್ತಿದ್ದ.
ಮೈದಾ ಗಂಜಿ, ಕತ್ತಿ ತಿನಬಾರದಂತ ಚಿಟಿಕಿ ಮೈಲುತುತ್ತ,
ಸೈಕಲ್ಲಿಗೆ ಬಕೀಟು.
ಗಂಜಿನಿಂದ ಸ್ಟೇಷನ್ ತನ, ಜಿನ್ನಿಂಗ್ ಮಿಲ್ಲಿನ ಉದ್ದನ್ನ ಗೋಡಿ.
ಒಳಗ ಕುಂತು ಒಂದು ಸಿನಿಮಾ ನೋಡಲಿಲ್ಲ.
ನನಗ ಮಾತ್ರ ಎಲ್ಲದರ ಕತಿ ಹೇಳ್ತಿದ್ದ,
ಅಂಟಿಸಿದ್ದನ್ನ ನೋಡಿ.
ಹುಲಿ ಬೆನ್ನತ್ತಿತು, ಮುಂಗುಸಿ ಓಡಿತು.
ದೀಪ ಯಾಕಪ್ಪ?
ಹುಲಿ ಕಣ್ಣು ಕುಕ್ಕಲಿ ಅಂತ.

ಗೇಟಿನ ಯಾಕೂಬಣ್ಣ ಕಡೇ ದಿನ ಪುಕ್ಕಟ ಬಿಟ್ಟ.
ಎಂಟು ವರ್ಷದಾಕಿ ನಾನು,
ಹುಲಿ ಎದ್ದು ಬರ್ತದಂತ
ಪರದೆ ಬೆಳ್ಳಗಾಗೋ ತನ ಕುಂತೆ.

ಅವತ್ತೇ ರಾತ್ರಿ ಬೋರ್ಡಿನ ಮೊಳಿ ಕಿತ್ತು
ಈ ಪೋಸ್ಟರು ಸುತ್ತಿ ತಂದ.
ತಳದಾಗ ಅವನದೇ ಅಕ್ಷರದ ಚೀಟಿ:
ಇಂದೇ ಕಡೇ ದಿನ.
ಬಣ್ಣ ಚಂದಂದೆ, ಅಕ್ಷರ ಚಂದಂದೆ,
ಕಪ್ಪಿ ಎಲ್ಲಿ ಅಂತ ಜಗಳ ತೆಗೆದೆ.
ಯಾವ ಕಪ್ಪಿ ಅಂದ ಅಪ್ಪ.
ಮೂವತ್ತೊಂದು ವರ್ಷ ಅದೇ ತಕರಾರು.
ಆಸ್ಪತ್ರ್ಯಾಗ ಸೈತ ಕಾಡಿಸೀನಿ,
ಕಪ್ಪಿ ಇಲ್ಲದ ಪೋಸ್ಟರು ತಂದಾಂವ ನೀ.

ಏನಂದಿ? ಚೀಟಿ ಅಡಿ ಹಸರು ಕಾಣ್ತದ?
ಕಿಟಕಿಗೆ ಹಿಡಿ. ತಡಿ,
ಒದ್ದಿ ಅರಿಬಿ ತರ್ತೀನಿ.
ಉಗುರು ಹಚ್ಚಬ್ಯಾಡ. ಹೆಬ್ಬೆರಳಿನಿಂದ ಸಾವಕಾಶ.

ಮೊದಲು ಹುಟ್ಟು ಬಂತು.
ಹುಟ್ಟು ಹಿಡಿದ ನಾಕು ಬೆರಳು.
ಆಮ್ಯಾಲ ಇಡೀ ಕಪ್ಪಿ, ಹೊಟ್ಟಿ ಮ್ಯಾಲ ಶಾಯಿ ಇಳಿದು
ಮಾಸಿದ್ದೊಂದು 'ಕಡೇ'.

ಖಾಲಿ ಜಾಗ ಅನಿಸಿರಬೇಕು ಅವನಿಗೆ.
ಹುಲಿ ಮುಚ್ಚಲಿಕ್ಕೆ ಮನಸ್ಸಾಗಿರಲಿಕ್ಕಿಲ್ಲ.

ಚೀಟಿ ಹರೀಲಿಲ್ಲ ನೋಡು, ಇಡಿಯಾಗಿ ಬಂತು.
ಕಿಟಕಿ ಕಟ್ಟಿ ಮ್ಯಾಲ ಒಣಗಲಿ.
ಹಾರಬಾರದು, ಆ ಹುಬ್ಬಿನ ಡಿವಿಡಿ ಹೇರು.
ಅಳತಿ ಈಗ ಎರಡು ತಗೋಬೇಕು.
ಸೆಕಿ ಆಗ್ತದ, ಗೊತ್ತದ.
ಫ್ಯಾನು ಇನ್ನೂ ಸ್ವಲ್ಪ ಹೊತ್ತು ಬ್ಯಾಡ.