ಗಂಟೆಗೆ ಮೂವತ್ತಾರು ಸಾವಿರ

ಕೋವಿ ತಿದ್ದುವ ಕೈಯೇ ಬೇಕಿತ್ತು ಇದಕ್ಕೆ.
ಗೋಣಿಕೊಪ್ಪದ ಐರಿ ಬೆಳ್ಯಪ್ಪ
ಉಕ್ಕಿನ ದಿಮ್ಮಿಯನ್ನು ತಿರುವಿ ತಿರುವಿ ನೋಡಿ
ಉಗುರಿಂದ ಬಡಿದು, ಕಿವಿಗೊಟ್ಟು,
"ಒತ್ತಡ ಎಷ್ಟು?" ಅಂದ.
ಎಪ್ಪತ್ತೈದು ವಾತಾವರಣ.
"ನಳಿಗೆಗೆ ಅದೆಲ್ಲ ಮಕ್ಕಳಾಟ. ಆದರೆ
ಅಲ್ಲಿ ಕಣ್ಣು ಮಿಟುಕುವಷ್ಟು ಹೊತ್ತು. ನಿನ್ನದು?"
ಇಡೀ ದಿನ, ಅಂದೆ.
ಮೂರು ವಾರ ಫೋನು ಎತ್ತಲಿಲ್ಲ ಅವನು.

ಈಗ ಪೊನ್ನಂಪೇಟೆಯ ಈ ಹಿಂಬದಿ ಕೋಣೆಯಲ್ಲಿ
ಅವನು ಕೊರೆದ ಕೋಶ:
ಅಂಗೈಯಗಲ, ನೀಲಮಣಿಯ ಎರಡು ಕಣ್ಣು.
ಸೋಡಾ ಫ್ಯಾಕ್ಟರಿಯವರ ಸಿಲಿಂಡರಿನಿಂದ
ಇಂಗಾಲದ ಡೈಆಕ್ಸೈಡು ಒಳಗಿಳಿದು
ಅರ್ಧಕ್ಕೆ ದ್ರವವಾಗಿ ನಿಂತಿದೆ,
ಅದರಲ್ಲಿ ಚಿಟಿಕೆ ಅಡಮಂಟೇನ್.
ಡಬ್ಬಿ ತೆರೆದರೆ ಕರ್ಪೂರದ ಘಾಟು;
ಅಟೆಂಡರ್ ಸುಹರಾ ಮೊದಲ ದಿನವೇ ಕೇಳಿದ್ದಳು,
"ಮೇಡಂ, ಇಲ್ಲಿ ಪೂಜೆ ಮಾಡ್ತೀರಾ?"

ಡಿಸೆಂಬರು. ಹೊರಗೆ ಹನ್ನೆರಡು ಡಿಗ್ರಿ.
ಕೋಶಕ್ಕೆ ಹೀಟರಿನ ಪಟ್ಟಿ ಸುತ್ತಿ
ಕಾಯುತ್ತೇನೆ.
ಇಪ್ಪತ್ತೆಂಟು. ಮೂವತ್ತು.
ಮೂವತ್ತೊಂದರ ಹತ್ತಿರ
ಕಿಟಕಿ ಮಬ್ಬು, ಅಕ್ಕಿ ತೊಳೆದ ನೀರು;
ದ್ರವ ತಾನು ದ್ರವವೆಂಬುದನ್ನು ಮರೆಯುವ ಗಳಿಗೆ.
ಮತ್ತೆ ತಿಳಿ. ನಡುವಿನ ಗೆರೆ
ಎಲ್ಲಿ ಹೋಯಿತೋ.

ಗುಂಡಿ ಒತ್ತುತ್ತೇನೆ.
ಟಕ್.
ಒಂದು ಬಿಳಿ ಕಿಡಿ, ಸಾಸಿವೆಗಿಂತ ಸಣ್ಣದು.
ಟಕ್ ಟಕ್ ಟಕ್, ಸೆಕೆಂಡಿಗೆ ಹತ್ತು.
ಪ್ರತಿ ಕಿಡಿಯೊಳಗೂ ಅಣುಗಳು ಚಿಂದಿ,
ಎಲೆಕ್ಟ್ರಾನು ಕಳಚಿ ಬೆತ್ತಲೆ ಬೆಂಕಿ.
ಸುತ್ತಲ ದಟ್ಟಣೆ ಒತ್ತರಿಸಿ ಬಂದು
ಹುಟ್ಟಿದಲ್ಲೇ ಅದನ್ನು ತಣಿಸುತ್ತದೆ.
ಚದುರಿದ ಇಂಗಾಲಗಳು
ಸಿಕ್ಕಿದ ಕೈ ಹಿಡಿಯುತ್ತವೆ. ಹೆಚ್ಚಿನವು ಮಸಿ.
ಕೆಲವು, ತೀರ ಕೆಲವು,
ವಜ್ರದ ಜಾಲರಿಯಿಂದ ಕಿತ್ತಂಥ ಜೋಡಿಗೂಡು.

ಮಧ್ಯಾಹ್ನ ಬೆಳ್ಯಪ್ಪ ಬಂದ, ತಾನೇ ನೋಡಬೇಕೆಂದು.
ಹಸಿರು ಕನ್ನಡಕ ಕೊಟ್ಟೆ.
"ಗಂಟೆಗೆ ಎಷ್ಟು ಬೊಡಿ?"
ಮೂವತ್ತಾರು ಸಾವಿರ.
ಬೆರಳಲ್ಲಿ ಎಣಿಸಹೋಗಿ ಕೈಬಿಟ್ಟ.
"ಮರದ ತುದಿಯ ತೆಂಗಿನಕಾಯಿಗೆ
ಒಂದೇ ಬೊಡಿ ಸಾಕಿತ್ತು ನಿನ್ನಪ್ಪನಿಗೆ.
ಇಷ್ಟು ಹೊಡೆದು ನೀನು ಕೆಡವಿದ್ದೇನು, ದೇಚೂ?"
ನಿನ್ನೆಯ ಫಿಲ್ಟರ್ ಕಾಗದ ತೋರಿಸಿದೆ,
ಅದರ ಮೇಲೊಂದು ಬೂದು ಕಲೆ.
ಹಾರಿಹೋದೀತೆಂದು ಉಸಿರು ಹಿಡಿದು ಬಗ್ಗಿದ.

ಅಣ್ಣ ಹುಟ್ಟಿದಾಗ ಅಂಗಳದಲ್ಲಿ ಒಂದು ಗುಂಡು ಹಾರಿತ್ತಂತೆ,
ಇದೇ ಬೆಳ್ಯಪ್ಪ ತಿದ್ದಿಕೊಟ್ಟ ಕೋವಿಯಿಂದ.
ನಾನು ಹುಟ್ಟಿದ ದಿನ ಕೋವಿ ಗೋಡೆಯಲ್ಲೇ ಇತ್ತು.
ಅವನಿಗದು ನೆನಪಿದೆಯೋ ಇಲ್ಲವೋ,
ನಾನೂ ಕೇಳಲಿಲ್ಲ.

ಹೊರಡುವಾಗ ಬಾಗಿಲಲ್ಲಿ ನಿಂತು
"ನಾಳೆ ತಣ್ಣಗಾದ ಮೇಲೆ
ಎಡಗಡೆಯ ಎರಡನೇ ಬೋಲ್ಟು ನೋಡು" ಅಂದ.
ಬರೆದುಕೊಂಡೆ.
ಹೊರಗೆ ಅವನ ಸ್ಕೂಟರು ಕೆಮ್ಮಿ ಕೆಮ್ಮಿ ಹೊತ್ತಿಕೊಂಡಿತು.
ಒಳಗೆ ಟಕ್ ಟಕ್ ಟಕ್.